ಹೇಳಿದ ಬೆಲೆ, ಕೇಳಿದ ಬೆಲೆ, ಕೊಟ್ಟ ಬೆಲೆ

ದನದ ಜಾತ್ರೆಯಲ್ಲಿ ಎತ್ತು ನೋಡಿ ಬಂದವರನ್ನು ಹಳೇ ಮೈಸೂರಿನ ಕಡೆ ಹೀಗೆ ವಿಚಾರಿಸುತ್ತಾರೆ: "ಜೋಡಿಗೆ ಎಷ್ಟು ಹೇಳ್ತಾರೆ?" ಆಮೇಲೆ, "ನೀವು ಎಷ್ಟಕ್ಕೆ ಕೇಳಿದ್ರಿ?" ಕೊನೆಗೆ, "ಎಷ್ಟಕ್ಕೆ ಕೊಟ್ರು?" ಮೂರೂ ಬೆಲೆಯ ಪ್ರಶ್ನೆಗಳೇ, ಆದರೆ ಮೂರಕ್ಕೂ ಉತ್ತರ ಬೇರೆ ಬೇರೆ. ಮಾರುವವನು ಹೇಳುತ್ತಾನೆ, ಕೊಳ್ಳುವವನು ಕೇಳುತ್ತಾನೆ, ವ್ಯಾಪಾರ ಕುದುರಿದರೆ ಕೊಡುವುದು ಇನ್ನೊಂದಕ್ಕೆ. ಇಂಗ್ಲಿಷಿನಲ್ಲಿ ಮಾರುವವನ ಬೆಲೆಗೆ 'ಆಸ್ಕಿಂಗ್ ಪ್ರೈಸ್' ಎಂಬ ಹೆಸರು. ಅಲ್ಲಿ ಕೇಳುವವನು ಮಾರುವವನು. ಕನ್ನಡದಲ್ಲಿ ಕೇಳುವುದು ಕೊಳ್ಳುವವನ ಪಾಲಿಗೆ ಬಂದಿದೆ. ಸಂತೆಗೆ ಹೋದವರೆಲ್ಲರೂ ಈ ವ್ಯತ್ಯಾಸವನ್ನು ಯೋಚಿಸದೆಯೇ ಸರಿಯಾಗಿ ಬಳಸುತ್ತಾರೆ.

ಬೆಲೆಗಳ ಇತಿಹಾಸದ ಬೆನ್ನು ಹತ್ತಿದವರಿಗೆ ಮಾತ್ರ ಈ ಮೂರು ಕ್ರಿಯಾಪದಗಳು ತಲೆನೋವು. ದಾಖಲೆಗಳಲ್ಲಿ ಹೆಚ್ಚಾಗಿ ಸಿಗುವುದು ಮೊದಲನೆಯದು. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಬೆಂಗಳೂರಿಗೆ ಬಂದು ಪೇಟೆಯ ವರ್ತಕರನ್ನು ಕೂರಿಸಿಕೊಂಡು ವಿಚಾರಿಸಿ, ಯಾವ ಸರಕು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ದರವೆಷ್ಟು ಎಂದು ಬರೆದುಕೊಂಡ. 1807ರಲ್ಲಿ ಅಚ್ಚಾದ ಆ ಪುಸ್ತಕವನ್ನು ನಾವೆಲ್ಲ ಇಂದಿಗೂ ಉಲ್ಲೇಖಿಸುತ್ತೇವೆ. ಆದರೆ ಕಂಪನಿ ಸರ್ಕಾರದ ಒಬ್ಬ ಅಧಿಕಾರಿ ಎದುರಿಗೆ ಕೂತು ಕೇಳಿದಾಗ ವರ್ತಕ ಹೇಳುವುದು ಹೇಳುವ ಬೆಲೆಯೇ ತಾನೇ? ಎರಡನೆಯದು, ಅಂದರೆ ಕೇಳಿದ ಬೆಲೆ, ಗಾಳಿಯಲ್ಲಿ ಹೋಗುವ ಮಾತು. ಮೂರನೆಯದು ಸಿಗುವುದು ಅಪರೂಪ. ಅದನ್ನು ಕಾಣದಂತೆ ಇಡಲೆಂದೇ ಜನ ಒಂದು ಪದ್ಧತಿಯನ್ನು ಕಟ್ಟಿಕೊಂಡಿದ್ದರು.

ಇಟಲಿಯ ಲುಡೊವಿಕೊ ಡಿ ವರ್ತೆಮಾ 16ನೇ ಶತಮಾನದ ಮೊದಲ ವರ್ಷಗಳಲ್ಲಿ ಪಶ್ಚಿಮ ಕರಾವಳಿಯಲ್ಲಿ ತಿರುಗಾಡಿದವನು, ವಿಜಯನಗರವನ್ನೂ ಕಂಡವನು. ಅವನ ಪುಸ್ತಕ ಬಂದದ್ದು 1510ರಲ್ಲಿ. ಕಲ್ಲಿಕೋಟೆಯ ವ್ಯಾಪಾರವನ್ನು ಅವನು ವಿವರಿಸುವ ರೀತಿ ನೋಡಿದರೆ ನಮ್ಮ ಯಾವುದೋ ಜಾತ್ರೆಯಲ್ಲಿ ನಿಂತು ಬರೆದಂತಿದೆ. ಅಲ್ಲಿ ದಲ್ಲಾಳಿ ಇಲ್ಲದೆ ವ್ಯಾಪಾರವಿಲ್ಲ. ಎಲ್ಲರೂ ಸುತ್ತ ನಿಲ್ಲುತ್ತಾರೆ. ದಲ್ಲಾಳಿ ಒಂದು ಬಟ್ಟೆ ತೆಗೆದು, ಮಾರುವವನ ಬಲಗೈ ಹಿಡಿದು, ಎರಡೂ ಕೈಗಳ ಮೇಲೆ ಬಟ್ಟೆ ಹೊದಿಸುತ್ತಾನೆ. ಬೆರಳುಗಳ ಗಿಣ್ಣು ಮುಟ್ಟಿ, ಬಾಯಿಬಿಡದೆ, ಒಂದರಿಂದ ಲಕ್ಷದವರೆಗೆ ಲೆಕ್ಕ ನಡೆಯುತ್ತದೆ. ಅಲ್ಲಿ ಮುಗಿದ ಮೇಲೆ ಕೊಳ್ಳುವವನ ಹತ್ತಿರ ಹೋಗಿ ಅದೇ ಬಟ್ಟೆ, ಅದೇ ಬೆರಳು. ಗಮನಿಸಬೇಕಾದ ಸಂಗತಿಯೆಂದರೆ, ಈ ವಿವರಣೆಯಲ್ಲಿ ಮಾರುವವನ ಕೈಗೂ ಕೊಳ್ಳುವವನ ಕೈಗೂ ನೇರ ಸ್ಪರ್ಶವೇ ಇಲ್ಲ. ಎರಡೂ ಕೈಗಳನ್ನು ಮುಟ್ಟಿದವನು ದಲ್ಲಾಳಿಯೊಬ್ಬನೇ.

ಅದಾಗಿ ಸುಮಾರು ಒಂದೂವರೆ ಶತಮಾನದ ಮೇಲೆ ಫ್ರಾನ್ಸಿನ ವಜ್ರದ ವ್ಯಾಪಾರಿ ತವೆರ್ನಿಯೆ, ಆಗ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದ ರಾವಲ್ಕೊಂಡದ ವಜ್ರದ ಗಣಿಗಳಿಗೆ ಬಂದ. ಅದನ್ನು ಇಂದಿನ ಕರ್ನೂಲು ಜಿಲ್ಲೆಯ ರಾಮಳ್ಳಕೋಟವೆಂದು ಗುರುತಿಸುತ್ತಾರೆ. ಅವನು ಸ್ವತಃ ವ್ಯಾಪಾರಿಯಾದ್ದರಿಂದ ಲೆಕ್ಕದ ಕೋಷ್ಟಕವನ್ನೇ ಕೊಟ್ಟಿದ್ದಾನೆ. ಇಬ್ಬರೂ ಎದುರುಬದುರು ಕೂರುತ್ತಾರೆ, ಸೊಂಟದ ವಸ್ತ್ರ ಬಿಚ್ಚಿ ಕೈ ಮುಚ್ಚುತ್ತಾರೆ. ಇಡೀ ಕೈ ಹಿಡಿದರೆ ಸಾವಿರ, ಎಷ್ಟು ಸಲ ಒತ್ತಿದರೆ ಅಷ್ಟು ಸಾವಿರ. ಐದೂ ಬೆರಳು ಹಿಡಿದರೆ 500, ಒಂದು ಬೆರಳಿಗೆ 100, ನಡುಗಿಣ್ಣಿನವರೆಗೆ ಅರ್ಧ ಬೆರಳಿಗೆ 50, ತುದಿಗೆ 10. ಒಂದೇ ಜಾಗದಲ್ಲಿ, ಹತ್ತಾರು ಜನರ ಕಣ್ಣೆದುರೇ, ಒಂದೇ ಪೊಟ್ಟಣ ಏಳೆಂಟು ಕೈ ಬದಲಾಯಿಸಿದರೂ ಎಷ್ಟಕ್ಕೆ ಹೋಯಿತೆಂದು ಪಕ್ಕದವರಿಗೆ ತಿಳಿಯುತ್ತಿರಲಿಲ್ಲವಂತೆ.

ಈ ಪದ್ಧತಿ ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಗಳಲ್ಲಿ ನಮ್ಮ ಕಾಲದವರೆಗೂ ಬಂದಿದೆ. ಸೊಂಟದ ವಸ್ತ್ರದ ಜಾಗಕ್ಕೆ ಹೆಗಲ ಮೇಲಿನ ಟವೆಲ್ ಬಂತು, ಅಷ್ಟೆ. ಅಲ್ಲಿ ಸರಕು ಬಯಲಿನಲ್ಲಿ ನಿಂತಿರುತ್ತದೆ. ಎತ್ತಿನ ಹಲ್ಲು ಎಣಿಸಬಹುದು, ಸುಳಿ ನೋಡಬಹುದು, ನಡೆಸಿ ನೋಡಬಹುದು, ಬಾಲ ತಿರುಚಿ ಅದರ ಚುರುಕು ಪರೀಕ್ಷಿಸಬಹುದು. ಯಾರು ಬೇಕಾದರೂ ನೋಡಬಹುದು. ಬೆಲೆ ಮಾತ್ರ ಟವೆಲ್ಲಿನ ಕೆಳಗೆ.

ಯಾರಿಂದ ಮುಚ್ಚಿಡುವುದು? ಮೊದಲು ಪಕ್ಕದ ಗಿರಾಕಿಯಿಂದ. ಒಬ್ಬನಿಗೆ ಇಳಿಸಿ ಕೊಟ್ಟದ್ದು ಬಯಲಾದರೆ ಮುಂದಿನವನಿಗೆ ಏರಿಸಲಾಗುವುದಿಲ್ಲ. ಆಮೇಲೆ ಸುಂಕದವರಿಂದ. ರಾಜ್ಯಕ್ಕೂ ಮೂರನೆಯ ಬೆಲೆಯ ಆಸೆ ಹಳೆಯದು. ಅರ್ಥಶಾಸ್ತ್ರದಲ್ಲಿ ವರ್ತಕ ಸುಂಕದಕಟ್ಟೆಯ ಬಳಿ ಸರಕಿನ ಅಳತೆ, ಬೆಲೆ ಹೇಳಿ, ಈ ಬೆಲೆಗೆ ಕೊಳ್ಳುವವರುಂಟೇ ಎಂದು ಮೂರು ಸಲ ಕೂಗಬೇಕು. ಪೈಪೋಟಿಯಲ್ಲಿ ಬೆಲೆ ಏರಿದರೆ ಏರಿದ ಭಾಗ ಸುಂಕದ ಜೊತೆಗೆ ಬೊಕ್ಕಸಕ್ಕೆ ಹೋಗಬೇಕು. ಇಂಥ ರಾಜ್ಯದ ಎದುರು ಜನ ಬಟ್ಟೆ ಹೊದ್ದುಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. (ಇವತ್ತಿಗೂ ಬೆಂಗಳೂರಿನಲ್ಲಿ ಸೈಟು ಮಾರುವಾಗ ಕ್ರಯಪತ್ರದಲ್ಲಿ ಬರೆಯುವ ಮೊತ್ತ ಒಂದು, ಕೈ ಬದಲಾಯಿಸುವ ಮೊತ್ತ ಇನ್ನೊಂದು ಎಂಬುದು ಗುಟ್ಟೇನಲ್ಲ.)

ಆದರೆ ಬಟ್ಟೆಯ ಕೆಳಗಿನ ಗುಟ್ಟಿನಲ್ಲಿ ಎಲ್ಲರ ಪಾಲೂ ಒಂದೇ ಆಗಿರಲಿಲ್ಲ. ದಿನಕ್ಕೆ ನೂರು ಕೈ ಮುಟ್ಟುವ ದಲ್ಲಾಳಿಗೆ ಅಂದಿನ ಧಾರಣೆ ಗೊತ್ತಿರುತ್ತದೆ. ವರ್ಷಕ್ಕೊಮ್ಮೆ ಒಂದು ಜೋಡಿ ಎತ್ತು ಅಥವಾ ಹತ್ತು ಮೂಟೆ ಹತ್ತಿ ತರುವ ರೈತನಿಗೆ ತನ್ನ ಬೆರಳಿಗೆ ತಾಗಿದ್ದಷ್ಟೇ ಗೊತ್ತು. ಕೃಷಿಯ ಕುರಿತ ರಾಯಲ್ ಕಮಿಷನ್ 1928ರ ವರದಿಯಲ್ಲಿ ಮಾರುಕಟ್ಟೆಗಳ ಮೋಸಗಳನ್ನು ವಿವರಿಸುವಾಗ ಬಟ್ಟೆಯ ಕೆಳಗಿನ ಈ ಗುಪ್ತ ವ್ಯವಹಾರವನ್ನೂ ಹೆಸರಿಸಿತು. ತೂಕದಲ್ಲಿ ಮೋಸ, ಬಗೆಬಗೆಯ ಕಡಿತ, ಎರಡೂ ಕಡೆಗೆ ಕೆಲಸ ಮಾಡುವ ದಲ್ಲಾಳಿ ಇವುಗಳ ಸಾಲಿನಲ್ಲಿ. ನಿಯಂತ್ರಿತ ಮಾರುಕಟ್ಟೆ ಬೇಕೆಂಬ ಅದರ ಶಿಫಾರಸಿನ ನಂತರ ಒಂದೊಂದೇ ಪ್ರಾಂತ ಕಾಯ್ದೆ ಮಾಡಿತು. ಮೈಸೂರು ಸಂಸ್ಥಾನದ್ದು 1939ರಲ್ಲಿ ಬಂತು, ಏಕೀಕರಣದ ನಂತರ ಇಡೀ ರಾಜ್ಯಕ್ಕೆ 1966ರದ್ದು. ಕಾಯ್ದೆ ತಂದ ಬದಲಾವಣೆ ಹೊರಗಿನಿಂದ ನೋಡಿದರೆ ಸಣ್ಣದು: ಟವೆಲ್ ತೆಗೆಯಿರಿ, ಕೂಗಿ ಹರಾಜು ಹಾಕಿ, ಇಲ್ಲವೇ ಚೀಟಿ ಬರೆದು ಟೆಂಡರ್ ಪೆಟ್ಟಿಗೆಗೆ ಹಾಕಿ, ಗೆದ್ದ ದರವನ್ನು ಪುಸ್ತಕದಲ್ಲಿ ಬರೆಯಿರಿ. ಮೂರನೆಯ ಬೆಲೆ ಹೀಗೆ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಕಾಗದಕ್ಕಿಳಿಯಿತು. ಇವತ್ತು ಅಡಿಕೆ, ಕೊಬ್ಬರಿ ಧಾರಣೆಯನ್ನು ನಾವು ಪತ್ರಿಕೆಯಲ್ಲಿ ಓದುವುದು ಅದರಿಂದಾಗಿ.

ನಗರದ ಕಥೆ ಬೇರೆ. ಇಲ್ಲಿ ಟವೆಲ್ ಇರಲಿಲ್ಲ, ಮಾತಿತ್ತು. 1809ರಲ್ಲಿ ದಂಡು ಬಂದು ಹಲಸೂರಿನ ಬಳಿ ನೆಲೆಸಿದ ಮೇಲೆ ಅದರ ಸುತ್ತ ಬೆಳೆದ ಬಜಾರುಗಳಲ್ಲಿ ತಮಿಳು, ದಖ್ಖನಿ, ಕನ್ನಡ, ತೆಲುಗು, ಅರೆಬರೆ ಇಂಗ್ಲಿಷು ಎಲ್ಲದರಲ್ಲೂ ಚೌಕಾಸಿ ನಡೆಯಿತು. 1927ರ ರಸೆಲ್ ಮಾರ್ಕೆಟ್ಟಿನಲ್ಲಿ ಇಂದಿಗೂ ಒಂದೇ ಅಂಗಡಿಯವನು ಮೂರು ಭಾಷೆಯಲ್ಲಿ ಮೂರು ಬೆಲೆ ಹೇಳುವುದನ್ನು ಕೇಳಬಹುದು. ಶಿವಾಜಿನಗರದ ಗುಜರಿಯಲ್ಲಿ ಹಳೆ ಕಾರಿನ ಬಿಡಿಭಾಗ ಹುಡುಕುವವನು ಮೊದಲು ಕಲಿಯುವುದು ತನಗೆ ಬೇಕಾದದ್ದನ್ನು ಬಿಟ್ಟು ಪಕ್ಕದ್ದನ್ನು ವಿಚಾರಿಸುವುದು. ಬೆಳಗಿನ ಹೊತ್ತಾದರೆ "ಬೋಣಿ ಟೈಮು ಅಕ್ಕಾ, ಬರಿಗೈಲಿ ಹೋಗ್ಬೇಡಿ." ಇಳಿಸಿ ಕೇಳಿದರೆ "ಗಿಟ್ಟಲ್ಲ ಸಾರ್, ಅಸಲೇ ಹುಟ್ಟಲ್ಲ." ಬೆಲೆ ಇಳಿಯದೇ ಇದ್ದಾಗ ಕೊನೆಯ ಅಸ್ತ್ರ ಕೊಸರು: ಸೇರು ಅಳೆದ ಮೇಲೆ ಹಾಕುವ ಒಂದು ಹಿಡಿ, ಮೊಳ ಹೂವಿನ ಮೇಲೆ ಎರಡು ಗೇಣು, ತರಕಾರಿಯ ಜೊತೆ ಬರುವ ಕರಿಬೇವು. ಕೊಸರು ಪಡೆದವರಿಗೆ ಗೆದ್ದ ಖುಷಿ, ಕೊಟ್ಟವರಿಗೆ ಬೆಲೆ ಮುರಿಯದೆ ಉಳಿದ ಸಮಾಧಾನ. ಕೊಸರನ್ನು ಯಾವ ಬಿಲ್ಲಿನಲ್ಲೂ ಬರೆಯುವುದಿಲ್ಲ, ಹಾಗಾಗಿ ಇತಿಹಾಸಕಾರರಿಗೆ ಅದು ಸಿಗುವುದೂ ಇಲ್ಲ.

ಮೊರಾಕ್ಕೊದ ಸೆಫ್ರು ಎಂಬ ಊರಿನ ಬಜಾರನ್ನು ಅಧ್ಯಯನ ಮಾಡಿ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1978ರಲ್ಲಿ ಬರೆದ ಲೇಖನವೊಂದಿದೆ. ಬಜಾರಿನಲ್ಲಿ ಕೊರತೆಯಿರುವುದು ಮಾಹಿತಿಗೆ, ಚೌಕಾಸಿ ಎಂದರೆ ಮಾಹಿತಿಯ ಹುಡುಕಾಟ, ಅದರ ದಣಿವು ತಪ್ಪಿಸಲು ಜನ ಖಾಯಂ ಗಿರಾಕಿತನ ಬೆಳೆಸಿಕೊಳ್ಳುತ್ತಾರೆ ಎಂಬುದು ಅದರ ವಾದ. ಹಳೇ ಮೈಸೂರಿನವರಿಗೆ ಇದಕ್ಕೆ ಒಂದು ಮಾತಿತ್ತು, ವರ್ತನೆ. ವರ್ತನೆ ಹಾಲು, ವರ್ತನೆ ಹೂವು. ವರ್ತನೆಯ ಮನೆಯಲ್ಲಿ ದಿನಾ ಚೌಕಾಸಿ ಇಲ್ಲ, ಹಬ್ಬಕ್ಕೊಮ್ಮೆ ಸೀರೆಯ ತಕರಾರು ಇರುತ್ತದೆ.

ಚೌಕಾಸಿಯಿಲ್ಲದ ಅಂಗಡಿ ಇತಿಹಾಸದಲ್ಲಿ ಹೊಸದು. ಪ್ಯಾರಿಸ್ಸಿನ ಬಾನ್ ಮಾರ್ಶೆಯನ್ನು 1852ರಿಂದ ಅರಿಸ್ತೀದ್ ಬೂಸಿಕೊ ಬೆಳೆಸಿದಾಗ ಪ್ರತಿ ವಸ್ತುವಿಗೂ ಬೆಲೆಚೀಟಿ ಅಂಟಿಸಿದ್ದೇ ಒಂದು ಸುದ್ದಿ. ನಮ್ಮಲ್ಲಿ ಇದನ್ನು ತಂದವರಲ್ಲಿ ಸಹಕಾರ ಸಂಘಗಳ ಪಾಲು ದೊಡ್ಡದು. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಶುರುವಾಗಿ ಆಮೇಲೆ ಹಾಪ್‌ಕಾಮ್ಸ್ ಆದ ಸಂಸ್ಥೆಯ ಮಳಿಗೆಯಲ್ಲಿ ಅಂದಂದಿನ ದರ ಹಲಗೆಯ ಮೇಲಿರುತ್ತದೆ. ಅದನ್ನು ಓದಿಕೊಂಡು ಪಕ್ಕದ ತಳ್ಳುಗಾಡಿಯಲ್ಲಿ ಚೌಕಾಸಿ ಮಾಡುವವರನ್ನು ನಾನು ಕಮ್ಮನಹಳ್ಳಿ ಮುಖ್ಯರಸ್ತೆಯಲ್ಲಿ ದಿನವೂ ನೋಡುತ್ತೇನೆ. 1977ರ ಪೊಟ್ಟಣ ಸರಕುಗಳ ನಿಯಮಗಳು, ಆಮೇಲೆ 1990ರಲ್ಲಿ ಎಲ್ಲ ತೆರಿಗೆ ಸೇರಿದ ಒಂದೇ ಎಮ್ಆರ್‌ಪಿ, ಇವೆರಡೂ ಸೇರಿ ಸೋಪು, ಬಿಸ್ಕತ್ತುಗಳನ್ನು ಚೌಕಾಸಿಯಿಂದ ಹೊರಗಿಟ್ಟವು. ಬೆಂಗಳೂರಿನಲ್ಲಿ 2007ರಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಲು ತೊಡಗಿದಾಗ ಅದೂ ಈ ದಾರಿಯಲ್ಲೇ ನಡೆಯಿತು: ಬೆಲೆ ಬರೆದಿದೆ, ಬೇಕಾದರೆ ಕೊಳ್ಳಿ. ರಿಯಾಯಿತಿಯನ್ನೂ ಕಂಪನಿಯೇ ಹೇಳುತ್ತದೆ, ಕೇಳುವವರಿಲ್ಲ.

ಹೊಸ ವಸ್ತುವಿಗೆ ಸರಿಹೋದ ಈ ಕ್ರಮ ಹಳೆಯ ವಸ್ತುವಿಗೆ ಸರಿಹೋಗಲಿಲ್ಲ. ಮೂರು ವರ್ಷ ಬಳಸಿದ ವಾಷಿಂಗ್ ಮೆಷಿನ್ನಿಗೆ ಎಮ್ಆರ್‌ಪಿ ಎಲ್ಲಿಂದ ಬರಬೇಕು? ಅಮೆರಿಕದಲ್ಲಿ 1995ರಲ್ಲಿ ಶುರುವಾದ ಇಬೇ ಮೊದಲು ಹರಾಜಿನ ಉಪಾಯ ಹೂಡಿತು. ನಮ್ಮಲ್ಲಿ ಅದೇ ಮಾದರಿಯ ಬಾಜೀ ಡಾಟ್ ಕಾಮ್ 2000ದಲ್ಲಿ ಬಂತು, 2004ರಲ್ಲಿ ಇಬೇ ಅದನ್ನು ಕೊಂಡುಕೊಂಡಿತು. ಆದರೆ ಜನಕ್ಕೆ ಹಿಡಿಸಿದ್ದು ಹರಾಜಲ್ಲ. 2006ರ ಓಎಲ್ಎಕ್ಸ್, 2008ರ ಕ್ವಿಕರ್, ಆಮೇಲೆ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಇವೆಲ್ಲ ಮಾಡಿದ್ದು ಗುಜರಿಯನ್ನು ಫೋನಿಗೆ ತಂದದ್ದು. ಇಬೇ ಕೂಡ 2005ರಲ್ಲಿ 'ಬೆಸ್ಟ್ ಆಫರ್' ಎಂಬ ಗುಂಡಿ ಇಟ್ಟು ಚೌಕಾಸಿಗೆ ಬಾಗಿಲು ತೆರೆಯಿತು.

ಹಳೆ ಸಾಮಾನಿನ ಈ ವ್ಯಾಪಾರ ಬಿರುಸಾಗಿ ನಡೆಯುವುದು ಬಾಡಿಗೆದಾರರ ಬಡಾವಣೆಗಳಲ್ಲಿ. ನಾನಿರುವ ಕಲ್ಯಾಣ ನಗರ ಅಂಥದ್ದು. ಬಾಣಸವಾಡಿ ಮತ್ತು ಹೆಣ್ಣೂರು ರಸ್ತೆಗಳ ನಡುವೆ ಬಿಡಿಎ ಬಡಾವಣೆಯ ಅಗಲ ಬೀದಿಗಳು, ಹೊರವರ್ತುಲ ರಸ್ತೆ, ಕಾಲೇಜು ಹುಡುಗರು, ಐಟಿಯವರು, ಕೇರಳದವರು, ಈಶಾನ್ಯದವರು, ಆಫ್ರಿಕಾದಿಂದ ಓದಲು ಬಂದವರು. ತಿಂಗಳ ಕೊನೆಯ ವಾರ ಬಂತೆಂದರೆ ಮಂಚ, ಫ್ರಿಜ್ಜು, ಗ್ಯಾಸ್ ಒಲೆಗಳ ಚಿತ್ರಗಳು ಫೋನಿನಲ್ಲಿ ಸಾಲುಗಟ್ಟುತ್ತವೆ. ಕಳೆದ ವರ್ಷ ನನ್ನ ಕೋಣೆಯ ಗೆಳೆಯ ಊರು ಬಿಡುವಾಗ ಓದುವ ಮೇಜನ್ನು 7,000 ರೂಪಾಯಿಗೆ ಹಾಕಿದ. ಅರ್ಧ ಗಂಟೆಯಲ್ಲಿ ಸಂದೇಶ ಬಂತು:

"ಇನ್ನೂ ಇದೆಯಾ?"

"ಇದೆ."

"ಲಾಸ್ಟ್ ಎಷ್ಟು?"

"6,500."

"4,000 ಕ್ಯಾಶ್. ಈಗಲೇ ಬರ್ತೀನಿ."

ಇಲ್ಲಿ ಕ್ರಮವೇ ತಿರುಗಾಮುರುಗಾ ಆಗಿದೆ. ಜಾತ್ರೆಯಲ್ಲಿ ಹಲ್ಲು ಎಣಿಸಿ, ಸುಳಿ ನೋಡಿ, ಅರ್ಧ ದಿನ ಕಳೆದ ಮೇಲೆ ಕೇಳುವ ಕೊನೆಯ ಪ್ರಶ್ನೆ ಇಲ್ಲಿ ಮೊದಲನೆಯದು. ಅಲ್ಲಿ ಸರಕು ಬಯಲಲ್ಲಿ, ಬೆಲೆ ಬಟ್ಟೆಯ ಕೆಳಗೆ. ಇಲ್ಲಿ ಬೆಲೆ ಊರಿಗೆಲ್ಲ ಕಾಣುತ್ತದೆ, ಸರಕು ಮಾತ್ರ ಒಂದೆರಡು ಫೋಟೊಗಳ ಹಿಂದೆ ಅವಿತಿದೆ. ನೋಡದ ವಸ್ತುವಿಗೆ ಬೆಲೆ ಕಟ್ಟುವವನು ತನ್ನ ಅನುಮಾನವನ್ನೆಲ್ಲ ಬೆಲೆಯಲ್ಲೇ ಕಳೆಯುತ್ತಾನೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಉದಾಹರಣೆ ಕೊಟ್ಟು ಹೇಳಿದ್ದೂ ಇದನ್ನೇ: ಕೊಳ್ಳುವವನಿಗೆ ಗುಣ ಗೊತ್ತಾಗದ ಕಡೆ ಒಳ್ಳೆಯ ವಸ್ತುವಿಗೂ ಕೆಟ್ಟದ್ದರ ಬೆಲೆ ಬರುತ್ತದೆ, ಒಳ್ಳೆಯದನ್ನು ಇಟ್ಟುಕೊಂಡವರು ಮಾರುಕಟ್ಟೆಗೆ ಬರುವುದನ್ನೇ ಬಿಡುತ್ತಾರೆ.

ಮೇಜಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಚಾಟಿನಲ್ಲಿ 5,500ಕ್ಕೆ ಒಪ್ಪಂದವಾಗಿ, ಅವರು ಟಾಟಾ ಏಸ್ ತಂದರು. ಲಿಫ್ಟಿಲ್ಲದ ಮೂರನೇ ಮಹಡಿ ಹತ್ತಿ ಬಂದು ಮೇಜಿನ ಕಾಲು ಅಲ್ಲಾಡಿಸಿ ನೋಡಿದರು. ಎರಡನೇ ಸುತ್ತು ಶುರುವಾಯಿತು. ಗಾಡಿ ಬಾಡಿಗೆ, ಇಳಿಸುವ ಕೂಲಿ, ಅಲ್ಲಾಡುವ ಕಾಲು ಎಲ್ಲ ಲೆಕ್ಕಕ್ಕೆ ಬಂದವು. ಕೊನೆಗೆ ಅವರು "ನಿಮ್ಮದೂ ಬೇಡ ನಮ್ಮದೂ ಬೇಡ ಗುರೂ, ಐದು ಮಾಡ್ಕೊಳ್ಳಿ" ಎಂದರು. ಐದು ಸಾವಿರ ಕೈಗೆ ಬಂತು, ಮೇಜು ಹೋಯಿತು, ಗೆಳೆಯ ಆ ಪುಟದಲ್ಲಿ 'ಸೋಲ್ಡ್' ಎಂದು ಒತ್ತಿದ. ಆ್ಯಪಿನ ದಾಖಲೆಯಲ್ಲಿ ಆ ಮೇಜು ಇಂದಿಗೂ 7,000ಕ್ಕೆ ಮಾರಾಟವಾದ ಮೇಜು. ಮುಂದೊಂದು ದಿನ 2020ರ ದಶಕದ ಬೆಂಗಳೂರಿನ ಹಳೆ ಸಾಮಾನುಗಳ ಬೆಲೆಯ ಬಗ್ಗೆ ಯಾರಾದರೂ ಸಂಶೋಧನೆ ಮಾಡಿದರೆ ಅವರಿಗೆ ಸಿಗುವುದು ಅದೇ, ಬುಕನನ್‌ಗೆ ಸಿಕ್ಕಂಥ ಬೆಲೆ.

'ನಿಮ್ಮದೂ ಬೇಡ ನಮ್ಮದೂ ಬೇಡ' ಎಂಬ ಮಾತಿಗೆ ಈಗ ಅಂಕಿಅಂಶದ ಬೆಂಬಲವಿದೆ. ಇಬೇಯಲ್ಲಿ ಹಣ ಆ ತಾಣದ ಮೂಲಕವೇ ಸಾಗುವುದರಿಂದ ಅಲ್ಲಿ ಮೂರೂ ಬೆಲೆ ದಾಖಲಾಗುತ್ತವೆ. ಮ್ಯಾಥ್ಯೂ ಬ್ಯಾಕಸ್, ಥಾಮಸ್ ಬ್ಲೇಕ್, ಬ್ರ್ಯಾಡ್ಲಿ ಲಾರ್ಸೆನ್, ಸ್ಟೀವನ್ ಟಡೆಲಿಸ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಎರಡೂವರೆ ಕೋಟಿಗೂ ಹೆಚ್ಚು ಸರಕುಗಳ ಚೌಕಾಸಿಯನ್ನು ಪರಿಶೀಲಿಸಿ, ಜನ ಎರಡು ಬೆಲೆಗಳ ನಟ್ಟನಡುವೆ ಬಂದು ನಿಲ್ಲುವ ಒಲವು ತೋರುತ್ತಾರೆ ಎಂದು ಕಂಡುಕೊಂಡರು. ಅದೇ ಬಳಗದ ಇನ್ನೊಂದು ಅಧ್ಯಯನ ಇನ್ನೂ ಸ್ವಾರಸ್ಯದ್ದು: 100 ಡಾಲರಿನ ಗುಣಕಗಳಲ್ಲಿ ಗುಂಡಾಗಿ ಬೆಲೆ ಹಾಕಿದವರಿಗೆ ಶೇ 5ರಿಂದ 8ರಷ್ಟು ಕಡಿಮೆ ಬೆಲೆಗೆ ಕೇಳುವವರು ಬಂದರು, ಆದರೆ 6ರಿಂದ 11 ದಿನ ಬೇಗ ಬಂದರು. ಗುಂಡು ಸಂಖ್ಯೆಯನ್ನು ನೋಡಿದ ಗಿರಾಕಿ, ಇವನಿಗೆ ಅವಸರವಿದೆ ಎಂದು ಓದಿಕೊಳ್ಳುತ್ತಾನೆ. ಮನೆ ಖಾಲಿ ಮಾಡುವ ತಾರೀಖು ಹತ್ತಿರ ಬಂದವರ ಪಾಡು ಇದು. 7,000 ಎಂದು ಹಾಕಿದ್ದು ಕೂಡ ಒಂದು ಬಗೆಯಲ್ಲಿ ಬೆರಳು ಮುಟ್ಟಿ ಹೇಳಿದಂತೆಯೇ.

ಬೆಲೆಯೇ ಅಲ್ಲದ ಇನ್ನೊಂದು ಜಾಗದಲ್ಲೂ ಹಳೆಯದು ಉಳಿದಿದೆ. "ಟೋಕನ್ ಹಾಕಿ ಸಾರ್, ಬೇರೆಯವರಿಗೆ ಕೊಡಲ್ಲ" ಎಂದು ಮಾರುವವರು ಕೇಳುವ ಐನೂರು, ಸಾವಿರ ರೂಪಾಯಿಗೆ ಕನ್ನಡದಲ್ಲಿ ಸಂಚಕಾರ ಎಂಬ ಹೆಸರಿತ್ತು. ಸಂಸ್ಕೃತದ ಸತ್ಯಂಕಾರದಿಂದ ಬಂದ ಮಾತು; ಮಾತನ್ನು ಸತ್ಯ ಮಾಡುವ ಹಣ. ಇವತ್ತು ಯಾರಾದರೂ ಸಂಚಕಾರ ಬಂತು ಎಂದರೆ ಅಪಾಯ ಬಂತು ಎಂದೇ ಅರ್ಥ. ಈ ಅರ್ಥಪಲ್ಲಟ ಹೇಗಾಯಿತೋ, ಆನ್‌ಲೈನ್ ಟೋಕನ್ ಕಳೆದುಕೊಂಡವರಿಗೆ ಎರಡೂ ಅರ್ಥ ಒಟ್ಟಿಗೆ ಹೊಳೆಯುತ್ತವೆ. ಇದರ ಇನ್ನೊಂದು ಮುಖವನ್ನು ಪೊಲೀಸರು ವರ್ಷಗಳಿಂದ ಎಚ್ಚರಿಸುತ್ತಿದ್ದಾರೆ: ಸೇನೆಯಲ್ಲಿದ್ದೇನೆ, ವರ್ಗವಾಗಿದೆ ಎನ್ನುವ ಒಬ್ಬ ಕ್ಯೂಆರ್ ಕೋಡ್ ಕಳಿಸಿ, ಹಣ ಬರಬೇಕಾದರೆ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾನೆ. ಯುಪಿಐಯಲ್ಲಿ ಪಿನ್ ಒತ್ತುವುದು ಹಣ ಕೊಡಲಿಕ್ಕೆ, ಪಡೆಯಲಿಕ್ಕಲ್ಲ. ಈ ಮೋಸಗಾರರ ಒಂದು ಲಕ್ಷಣವೆಂದರೆ ಅವರು ಸಾಮಾನ್ಯವಾಗಿ ಚೌಕಾಸಿ ಮಾಡುವುದಿಲ್ಲ. ಹೇಳಿದ ಬೆಲೆಗೆ ಒಪ್ಪುತ್ತಾರೆ, ವಸ್ತು ನೋಡಬೇಕೆಂದೂ ಹೇಳುವುದಿಲ್ಲ. ಸಂತೆಯಲ್ಲಿ ಬೆಳೆದ ಯಾವ ಅಜ್ಜಿಗಾದರೂ ಅಷ್ಟು ಕೇಳಿದರೆ ಸಾಕು, ಅನುಮಾನ ಬರುತ್ತದೆ.

ಹಾಗಾದರೆ ವರ್ತೆಮಾ ಕಂಡ ದಲ್ಲಾಳಿ ಎಲ್ಲಿ ಹೋದ? ಇಂಥ ತಾಣಗಳು ಬಂದಾಗ ಕೇಳಿಬಂದ ಮಾತು, ಮಧ್ಯವರ್ತಿ ಇಲ್ಲ, ಮಾರುವವರೂ ಕೊಳ್ಳುವವರೂ ನೇರ ಮಾತಾಡುತ್ತಾರೆ ಎಂದು. ಮೇಲ್ನೋಟಕ್ಕೆ ನಿಜ. ಆದರೆ ನಮ್ಮ ಹೇಳಿದ ಬೆಲೆ, ಕೇಳಿದ ಬೆಲೆ ಎರಡೂ ಆ ತಾಣದ ಮೂಲಕವೇ ಸಾಗುತ್ತವೆ. ಯಾವ ಬಡಾವಣೆಯವರು ಎಷ್ಟು ಬೇಗ ಇಳಿಯುತ್ತಾರೆ, ಯಾವ ಮಾತಿಗೆ ಮಣಿಯುತ್ತಾರೆ ಎಂಬುದು ಲಕ್ಷಾಂತರ ಚಾಟುಗಳಲ್ಲಿ ಬರೆದಿಟ್ಟ ಹಾಗಿದೆ. ಜಾತ್ರೆಯ ದಲ್ಲಾಳಿ ನೂರು ಕೈ ಮುಟ್ಟಿದ್ದ; ಇದು ಇಡೀ ಊರಿನ ಕೈ ಮುಟ್ಟುತ್ತದೆ. ವರ್ಷಕ್ಕೊಂದು ಮೇಜು ಮಾರುವ ನಮಗೆ ಮಾತ್ರ ಪಕ್ಕದ ಬೀದಿಯಲ್ಲಿ ಅಂಥದೇ ಮೇಜು ನಿಜವಾಗಿ ಎಷ್ಟಕ್ಕೆ ಹೋಯಿತೆಂದು ತಿಳಿಯುವ ದಾರಿಯಿಲ್ಲ. ಹಳೆ ಮೇಜಿನ ಮಟ್ಟಿಗೆ ಇದು ಐನೂರು, ಸಾವಿರದ ಮಾತು. ಫಸಲಿನ ಮಟ್ಟಿಗೆ ಹಾಗಲ್ಲ.

ಅದಕ್ಕಾಗಿಯೇ ಕರ್ನಾಟಕದ ಇನ್ನೊಂದು ಆನ್‌ಲೈನ್ ಮಾರುಕಟ್ಟೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2014ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಎಪಿಎಂಸಿಗಳನ್ನು ಒಂದೇ ಜಾಲಕ್ಕೆ ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಶುರುಮಾಡಿತು. ಕೇಂದ್ರದ ಇ-ನಾಮ್ ಬಂದದ್ದು ಇದಾದ ಎರಡು ವರ್ಷಕ್ಕೆ. ರೈತ ಗೇಟಿನಲ್ಲಿ ತನ್ನ ಮಾಲಿಗೆ ಲಾಟ್ ಸಂಖ್ಯೆ ಪಡೆಯುತ್ತಾನೆ, ವರ್ತಕರು ಕಂಪ್ಯೂಟರಿನಲ್ಲಿ ಗುಪ್ತವಾಗಿ ದರ ನಮೂದಿಸುತ್ತಾರೆ, ಹೆಚ್ಚಿನದು ಗೆಲ್ಲುತ್ತದೆ, ರೈತನ ಫೋನಿಗೆ ದರದ ಸಂದೇಶ ಬರುತ್ತದೆ. ಬೇರೆ ಊರಿನ ವರ್ತಕನೂ ಒಂದೇ ಪರವಾನಗಿಯಲ್ಲಿ ಕೇಳಬಹುದು. ಟವೆಲ್ ಈಗಲೂ ಇದೆ, ಆದರೆ ಅದು ವರ್ತಕ ವರ್ತಕರ ನಡುವೆ ಬಿದ್ದಿದೆ, ರೈತನ ಮೇಲಲ್ಲ. 2019ರ ನವೆಂಬರ್ ವೇಳೆಗೆ 6.28 ಕೋಟಿ ಟನ್ ಮಾಲು ಈ ವೇದಿಕೆಯ ಮೂಲಕ ಮಾರಾಟವಾಗಿತ್ತು. ಎಂಐಟಿಯ ರೆಟ್ಸೆಫ್ ಲೆವಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಇದರಿಂದ ಭತ್ತದ ಬೆಲೆ ಸರಾಸರಿ ಶೇ 5.1, ಶೇಂಗಾದ್ದು ಶೇ 3.6, ಮೆಕ್ಕೆಜೋಳದ್ದು ಶೇ 3.5 ಏರಿತು. ಉಳಿದ ಕೆಲವು ಬೆಳೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಿತ್ತಿ ಬೆಳೆದ ಖರ್ಚು ಕಳೆದು ಉಳಿಯುವುದೇ ಕೆಲವೇ ಶೇಕಡಾ ಆದಾಗ ಈ ಐದು, ಮೂರೂವರೆ ಸಣ್ಣ ಸಂಖ್ಯೆಗಳಲ್ಲ.

ಅದೇ ಸಂಶೋಧಕರು ಸರ್ಕಾರದ ಜೊತೆ ಸೇರಿ 2019ರಲ್ಲಿ ಬೇಳೆಕಾಳಿನ ದೊಡ್ಡ ಮಾರುಕಟ್ಟೆಯೊಂದರಲ್ಲಿ ಮಾಡಿದ ಪ್ರಯೋಗ ನನಗೆ ಇನ್ನೂ ಇಷ್ಟವಾದದ್ದು. ಗುಪ್ತ ಟೆಂಡರಿನಲ್ಲಿ ಒಂದು ಸಲ ದರ ಹಾಕಿದರೆ ಮುಗಿಯಿತು. ಮೊದಲಿನ ಹರಾಜಿನಲ್ಲಿದ್ದ 'ಇನ್ನೊಂದು ಮಾತು' ಇಲ್ಲ. ಅವರು ಎರಡನೇ ಸುತ್ತು ಸೇರಿಸಿದರು. ಮೊದಲ ಸುತ್ತಿನಲ್ಲಿ ಹೆಚ್ಚು ಕೇಳಿದ ಕೆಲವರನ್ನಷ್ಟೇ ಮತ್ತೆ ಕರೆದು, ಇನ್ನೂ ಏರಿಸುತ್ತೀರಾ ಎಂದು ಕೇಳುವುದು. ಬೆಲೆ ಶೇ 4.7ರಷ್ಟು ಏರಿತು. ರಸೆಲ್ ಮಾರ್ಕೆಟ್ಟಿನಲ್ಲಿ ಗಿರಾಕಿ ನಾಲ್ಕು ಹೆಜ್ಜೆ ಹೋದ ಮೇಲೆ "ಬನ್ನಿ ಅಕ್ಕಾ, ಮಾತಾಡೋಣ" ಎಂದು ಕರೆಯುವುದನ್ನು ಕಂಪ್ಯೂಟರಿಗೆ ಕಲಿಸಿದಂತೆ ಇದು. ವ್ಯತ್ಯಾಸವೆಂದರೆ ಇಲ್ಲಿ ಕರೆಸಿಕೊಂಡವನು ಮೇಲಕ್ಕೆ ಹೋಗಬೇಕು.

ಬಂದ ದರ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ರೈತನಿಗಿದೆ. ಬಟ್ಟೆಯ ಕೆಳಗೆ ಕೈ ಎಳೆದುಕೊಳ್ಳುವ ಹಕ್ಕೂ ಅವನ ಅಜ್ಜನಿಗಿತ್ತು. ಆದರೆ ಸಂಜೆ ಸಂದೇಶ ಬರುವ ಹೊತ್ತಿಗೆ ಮಾಲು ಪ್ರಾಂಗಣದಲ್ಲಿ ಸುರಿದಾಗಿರುತ್ತದೆ. ವಾಪಸ್ ತುಂಬಲು ಹಮಾಲಿ, ಒಯ್ಯಲು ಟ್ರ್ಯಾಕ್ಟರ್ ಬಾಡಿಗೆ, ಮಳೆ ಬಂದರೆ ಮುಚ್ಚಲು ಟಾರ್ಪಾಲು. ಬಿತ್ತನೆಗೆ ಮುಂಗಡ ಕೊಟ್ಟಿರುವ ಮಂಡಿಯವನು ಪಕ್ಕದಲ್ಲೇ ನಿಂತಿರುತ್ತಾನೆ, ಫೋನಿನಲ್ಲಿ ಬಂದ ದರವನ್ನು ಎಷ್ಟೋ ಸಲ ಓದಿ ಹೇಳುವವನೂ ಅವನೇ.